ಪರೇಲಿನ ಎರಡು ಕೋಣೆ



1917ರಲ್ಲಿ ಬರೋಡದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಬಾಬಾಸಾಹೇಬರನ್ನು ಹೊರಹಾಕಿದ ಕತೆ ನಮ್ಮ ಮಕ್ಕಳಿಗೂ ಬಾಯಿಪಾಠ. ಅಲ್ಲಿಂದ ಅವರು ಮರಳಿದ್ದು ಎಲ್ಲಿಗೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮುಂಬಯಿಯ ಪರೇಲಿಗೆ, ಬಟ್ಟೆ ಗಿರಣಿಗಳ ಹೊಗೆಯ ನಡುವೆ ಇದ್ದ ಚಾಳಿಗೆ.

ಶಾಲೆಗೆ ಹೋಗುವಾಗಲೇ ತಂದೆ ರಾಮ್‌ಜಿಯವರೊಂದಿಗೆ ಆ ಭಾಗದ ಒಂದೇ ಕೋಣೆಯಲ್ಲಿದ್ದರು. ಅಡುಗೆಯೂ ಅಲ್ಲೇ, ನಿದ್ದೆಯೂ ಅಲ್ಲೇ. ತಲೆಯ ಬಳಿ ಬೀಸುವ ಕಲ್ಲು, ಕಾಲ ಬಳಿ ಮೇಕೆ. ಎಲ್ಲರೂ ಮಲಗಿದ ಮೇಲೆ, ನಡುರಾತ್ರಿ ಎದ್ದು ಓದಬೇಕಿತ್ತು. ಮುಂದೆ ಇಂಪ್ರೂವ್‌ಮೆಂಟ್ ಟ್ರಸ್ಟಿನ ಚಾಳಿನಲ್ಲಿ ಎರಡು ಕೋಣೆ ಸಿಕ್ಕವು. ಕೊಲಂಬಿಯಾ, ಲಂಡನ್ ಮುಗಿಸಿ ಬಂದ ಬ್ಯಾರಿಸ್ಟರ್ 1930ರ ದಶಕದವರೆಗೂ ಅಲ್ಲೇ ಇದ್ದರು. ಕೊಲ್ಹಾಪುರದ ಶಾಹು ಮಹಾರಾಜರು ಅವರನ್ನು ಹುಡುಕಿಕೊಂಡು ಬಂದದ್ದೂ ಅಲ್ಲಿಗೇ. ರಮಾಬಾಯಿಯವರು ಸಂಸಾರ ತೂಗಿಸಿದ್ದು, ಮಕ್ಕಳನ್ನು ಕಳೆದುಕೊಂಡು ಅತ್ತದ್ದು ಆ ದಿನಗಳಲ್ಲೇ.

ಸುತ್ತಲಿನ ನಮ್ಮ ಜನರೇಕೆ ಇಕ್ಕಟ್ಟಿನಲ್ಲೇ ಉಳಿದರು? ಉತ್ತರ ಗಿರಣಿಯೊಳಗೂ ಇತ್ತು. ನೇಯ್ಗೆ ವಿಭಾಗದಲ್ಲಿ ಕೂಲಿ ಹೆಚ್ಚು. ಆದರೆ ಅಲ್ಲಿ ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತು. ಎಂಜಲು ಮುಟ್ಟಿದರೆ ಮೈಲಿಗೆಯೆಂದು ಸವರ್ಣ ಕಾರ್ಮಿಕರು ಅಸ್ಪೃಶ್ಯರನ್ನು ಅಲ್ಲಿಗೆ ಬಿಟ್ಟುಕೊಳ್ಳಲಿಲ್ಲ. (ಮಾಲೀಕನ ವಿರುದ್ಧ ಒಂದಾಗುವವರೇ ಮಗ್ಗದ ಮುಂದೆ ಬೇರೆಯಾಗುತ್ತಿದ್ದರು!) ಕೂಲಿ ಕಡಿಮೆಯಾದರೆ ಬಾಡಿಗೆಗೆ ಎಲ್ಲಿಂದ ಹಣ? ಹಣವಿದ್ದರೂ ಜಾತಿ ಕೇಳಿ ಬಾಗಿಲು ಮುಚ್ಚುತ್ತಿದ್ದರು. 1928ರ ದೊಡ್ಡ ಮುಷ್ಕರದಲ್ಲಿ ಈ ನೇಯ್ಗೆ ವಿಭಾಗದ ಅಡ್ಡಿಯನ್ನು ತೆಗೆಸುವ ಬೇಡಿಕೆ ಸೇರಲೇಬೇಕೆಂದು ಬಾಬಾಸಾಹೇಬರು ಪಟ್ಟು ಹಿಡಿದರು. ಅದನ್ನು ನಾನು ಮನೆಯ ಹೋರಾಟವೆಂದೇ ಓದುತ್ತೇನೆ.

ಕಡೆಗೆ ದಾದರಿನ ಹಿಂದೂ ಕಾಲನಿಯಲ್ಲಿ ಸ್ವಂತ ಮನೆ ಕಟ್ಟಿಸಿದರು. ಪುಸ್ತಕಗಳಿಗೆಂದೇ ಕಟ್ಟಿಸಿದಂತಿದ್ದ ಮನೆ. ಹೆಸರು ರಾಜಗೃಹ. ಬಿಂಬಿಸಾರ ಮಹಾರಾಜನು ಬುದ್ಧರಿಗೂ ಸಂಘಕ್ಕೂ ನೆಲೆಗಾಗಿ ವೇಳುವನವನ್ನು ದಾನ ಕೊಟ್ಟ ನಗರದ ಹೆಸರದು. ರಮಾತಾಯಿ ಅಲ್ಲಿ ಹೆಚ್ಚು ಕಾಲ ಬಾಳಲಿಲ್ಲ, 1935ರ ಮೇ 27ರಂದು ತೀರಿಕೊಂಡರು.

1956ರ ಡಿಸೆಂಬರ್ 7ರಂದು ಬಾಬಾಸಾಹೇಬರ ಅಂತಿಮ ಯಾತ್ರೆ ಹೊರಟಿದ್ದೂ ರಾಜಗೃಹದಿಂದಲೇ. ಸಮುದ್ರದ ದಂಡೆಗೆ ಹೋಗುವ ಮುನ್ನ ಅದು ಪರೇಲನ್ನು ಹಾದು ಹೋಯಿತು. ಅಲ್ಲಿನ ಹೆದ್ದಾರಿಗೆ ಈಗ ಅವರದೇ ಹೆಸರು. ಗಿರಣಿಗಳು ಮುಚ್ಚಿವೆ, ಅವುಗಳ ಜಾಗದಲ್ಲಿ ಗೋಪುರದಂಥ ಕಟ್ಟಡಗಳು ಎದ್ದಿವೆ. ಆ ನಗರದಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮ ಮಕ್ಕಳಿಗೆ ದಲ್ಲಾಳಿಗಳು ಇವತ್ತಿಗೂ ಅಡ್ಡಹೆಸರು ಕೇಳುತ್ತಾರೆ, ಮನೆಯಲ್ಲಿ ಮಾಂಸ ಬೇಯಿಸುತ್ತೀರಾ ಎಂದೂ ಕೇಳುತ್ತಾರೆ.

ಜೈ ಭೀಮ್ 💙