ಸೈಕಲ್ ಅಂಗಡಿಯಿಂದ ಕೈಗಾರಿಕೆಯವರೆಗೆ: ದೋಷದ ಮೂಲ ಹುಡುಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್

ನಂದಗಡ (ಬೆಳಗಾವಿ ಜಿಲ್ಲೆ): 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಖಾನಾಪುರ ತಾಲ್ಲೂಕಿನ ನಂದಗಡ. ವೀರನ ಸಮಾಧಿಯ ದರ್ಶನಕ್ಕೆ ಬೆಳಗಾವಿಯ ಕಡೆಯಿಂದ ಹೊರಟ ವಾಹನಗಳು ಖಾನಾಪುರವನ್ನು ಹಾದು ಇಲ್ಲಿಗೆ ಬರುತ್ತವೆ. ಮಳೆಗೆ ಹೆಸರಾದ ಈ ಸೀಮೆಯಲ್ಲಿ ಒದ್ದೆ ರಸ್ತೆಯ ಮೇಲೆ ಪ್ರಯಾಣಿಕರ ಜೀವ ಬ್ರೇಕನ್ನೇ ನಂಬಿರುತ್ತದೆ. ಇಂಥ ದಾರಿಯಲ್ಲಿ ಹಳೆಯ ಕಾರೊಂದರ ಎಬಿಎಸ್ ದೀಪ ಹೊತ್ತಿಕೊಂಡು ಆರದೇ ಉಳಿದರೆ ಮಾಲೀಕನ ಮುಂದಿರುವುದು ಎರಡೇ ಮಾರ್ಗ. ದುಬಾರಿ ಬಿಡಿಭಾಗವನ್ನು ಕಣ್ಣುಮುಚ್ಚಿ ಬದಲಿಸುವುದು ಒಂದು, ದೋಷದ ಮೂಲವನ್ನು ಹುಡುಕುವುದು ಇನ್ನೊಂದು.

ಎರಡನೆಯ ಮಾರ್ಗಕ್ಕೆ ಇದೇ ಜಿಲ್ಲೆಯಲ್ಲಿ ಶತಮಾನಕ್ಕೂ ಮೀರಿದ ಪರಂಪರೆಯಿದೆ. ಬೆಳಗಾವಿಯ ಪುಟ್ಟ ಸೈಕಲ್ ಅಂಗಡಿಯೊಂದರಿಂದ ದೇಶದ ಪ್ರಮುಖ ಯಂತ್ರೋದ್ಯಮವನ್ನು ಕಟ್ಟಿದ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಅವರ ಬದುಕು ಅದಕ್ಕೆ ಸಾಕ್ಷಿ.

ಬಣ್ಣ ಕೈಕೊಟ್ಟಾಗ

ಲಕ್ಷ್ಮಣರಾವ್ ಜನಿಸಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ಕಾಶಿನಾಥಪಂತರು ವೇದಾಂತ ಬಲ್ಲ ವಿದ್ವಾಂಸರು. ಮಗನಿಗೆ ಮಾತ್ರ ಶಾಲೆಯ ಪಾಠಗಳಲ್ಲಿ ಮನಸ್ಸು ನಿಲ್ಲಲಿಲ್ಲ. ಚಿತ್ರ ಬಿಡಿಸುವುದು ಮತ್ತು ಯಂತ್ರಗಳು, ಇವೆರಡೇ ಆತನ ಆಸಕ್ತಿಗಳಾಗಿದ್ದವು.

ಚಿತ್ರಕಾರನಾಗುವ ಹಂಬಲದಿಂದ 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದ ತರುಣನಿಗೆ ಅಲ್ಲಿ ದೊಡ್ಡ ಆಘಾತ ಕಾದಿತ್ತು. ಕೆಲವು ಬಣ್ಣಗಳ ವ್ಯತ್ಯಾಸ ಆತನ ಕಣ್ಣಿಗೆ ಗೋಚರಿಸುತ್ತಿರಲಿಲ್ಲ. ವರ್ಣಚಿತ್ರ ಕಲಿಕೆಗೆ ಅಲ್ಲಿಗೇ ತೆರೆ ಬಿತ್ತು. ಆದರೆ ಕೊರತೆಯಿದ್ದುದು ಬಣ್ಣ ಗುರುತಿಸುವುದರಲ್ಲಿಯೇ ಹೊರತು ರೇಖೆ ಎಳೆಯುವ ಕೈಯಲ್ಲಿ ಅಲ್ಲ. ಲಕ್ಷ್ಮಣರಾವ್ ಯಂತ್ರಗಳ ನಕ್ಷೆ ರಚನೆಯತ್ತ ಹೊರಳಿದರು. ಮುಂದೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಅಧ್ಯಾಪಕರಾದರು. ಬಿಡುವಿನ ವೇಳೆಯಲ್ಲಿ ಸಂಸ್ಥೆಯ ಕಾರ್ಯಾಗಾರದಲ್ಲಿ ಯಂತ್ರಗಳ ಒಡಲನ್ನು ಅರಿತರು.

ಏಳುನೂರು ರೂಪಾಯಿಯ ಸೈಕಲ್

ಸೈಕಲ್ ಎಂಬ ಸೋಜಿಗ ಅವರ ಕಣ್ಣಿಗೆ ಬಿದ್ದದ್ದೂ ಮುಂಬಯಿಯಲ್ಲಿಯೇ. ಅಲ್ಲಿ ಸೈಕಲ್‌ಗಳನ್ನು ಕೊಂಡು ಬೆಳಗಾವಿಯಲ್ಲಿದ್ದ ಅಣ್ಣ ರಾಮಚಂದ್ರ, ಅಂದರೆ ರಾಮುಅಣ್ಣನಿಗೆ ಕಳುಹಿಸತೊಡಗಿದರು. 1888ರಲ್ಲಿ ಆರಂಭವಾದ ಕಿರ್ಲೋಸ್ಕರ್ ಬ್ರದರ್ಸ್‌ನ ಮೊದಲ ವ್ಯಾಪಾರ ಇದು. ಒಂದು ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿ. ಸವಾರಿ ಕಲಿಸಲು ಪ್ರತ್ಯೇಕವಾಗಿ 15 ರೂಪಾಯಿ. ಆ ಕಾಲಕ್ಕೆ ಅದು ಸಿರಿವಂತರ ಸೊತ್ತು.

ಗಾಳಿ ತುಂಬಿದ ಟೈರಿಗೆ ಜಾನ್ ಬಾಯ್ಡ್ ಡನ್‌ಲಪ್ ಪೇಟೆಂಟ್ ಪಡೆದದ್ದೂ 1888ರಲ್ಲಿಯೇ ಎಂಬುದು ಗಮನಾರ್ಹ. ಅಂದಿನ ಸೈಕಲ್‌ಗಳ ಬ್ರೇಕ್ ತೀರ ಸರಳ. ಸನ್ನೆಯನ್ನು ಒತ್ತಿದರೆ ಲೋಹದ ತುಂಡೊಂದು ಮುಂದಿನ ಟೈರನ್ನು ಮೇಲಿನಿಂದ ಅದುಮುತ್ತಿತ್ತು. ಒತ್ತಡ ಕಡಿಮೆಯಾದರೆ ಸೈಕಲ್ ನಿಲ್ಲದು. ಹೆಚ್ಚಾಗಿ ಚಕ್ರ ಬಿಗಿದುಕೊಂಡರೆ ಸವಾರ ನೆಲಕ್ಕೆ ಬೀಳುವನು. ಇಂದಿನ ಎಬಿಎಸ್ ಬಿಡಿಸಿರುವ ಒಗಟೂ ಇದೇ ಆಗಿದೆ.

ಕೆಲಸದಲ್ಲಿ ನ್ಯಾಯವಾಗಿ ಸಿಗಬೇಕಿದ್ದ ಬಡ್ತಿ ತಪ್ಪಿ ಆಂಗ್ಲೋ ಇಂಡಿಯನ್ ಸಹೋದ್ಯೋಗಿಯ ಪಾಲಾದಾಗ ಲಕ್ಷ್ಮಣರಾವ್ ರಾಜೀನಾಮೆ ನೀಡಿ ಬೆಳಗಾವಿಗೆ ಮರಳಿದರು. ಅಂಗಡಿಯ ಜತೆಗೆ ಚಿಕ್ಕ ಕಾರ್ಖಾನೆಯೂ ತಲೆಯೆತ್ತಿತು. ಅಲ್ಲಿ ಮೇವು ಕತ್ತರಿಸುವ ಯಂತ್ರ ಸಿದ್ಧವಾಯಿತು. ಅದರ ಬೆನ್ನಿಗೇ ಕಬ್ಬಿಣದ ನೇಗಿಲು ಬಂತು.

ನೇಗಿಲಿಗೆ ಗಿರಾಕಿಯೇ ಇಲ್ಲ

ನೇಗಿಲು ಸಿದ್ಧವಾಯಿತಾದರೂ ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂಬ ಭಯ ರೈತರಲ್ಲಿ ಬೇರೂರಿತ್ತು. ಮೊದಲ ನೇಗಿಲು ಮಾರಾಟವಾಗಲು ಸುಮಾರು ಎರಡು ವರ್ಷಗಳೇ ಹಿಡಿದವು. ಆ ಅವಧಿಯಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿದ್ದರೂ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ದೋಷವಿದ್ದುದು ನೇಗಿಲಿನಲ್ಲಲ್ಲ, ನಂಬಿಕೆಯಲ್ಲಿ. ಅದಕ್ಕೆ ಬೆಲೆ ಇಳಿಸುವುದು ಮದ್ದಾಗಿರಲಿಲ್ಲ. ಹೊಲದಲ್ಲಿ ಉತ್ತು ಬೆಳೆದ ಫಸಲೇ ಮದ್ದಾಗಬೇಕಿತ್ತು. ಕ್ರಮೇಣ ಹಾಗೆಯೇ ಆಯಿತು.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ನಗರದ ಬಡಾವಣೆಯ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿ ಪುರಸಭೆ ಸೂಚಿಸಿತು. ಆಗ ನೆರವಿಗೆ ಬಂದವರು ಸ್ವತಃ ಚಿತ್ರಕಾರರೂ ಆಗಿದ್ದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನೂ, ಬಡ್ಡಿಯಿಲ್ಲದೆ 10 ಸಾವಿರ ರೂಪಾಯಿ ಸಾಲವನ್ನೂ ಅವರು ನೀಡಿದರು. ಪಾಪಾಸುಕಳ್ಳಿ ಬೆಳೆದು ಹಾವುಗಳು ಹರಿದಾಡುತ್ತಿದ್ದ ಆ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಅಸ್ಪೃಶ್ಯತೆಗೆ ಅಲ್ಲಿ ಎಡೆಯಿರಲಿಲ್ಲ. ಈಗ ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದೆ. ತಾನು ಹೊರಗೆ ಕಳುಹಿಸಿದ ಉದ್ಯಮಿಯ ನೆನಪನ್ನು ಬೆಳಗಾವಿ ಕಿರ್ಲೋಸ್ಕರ್ ರಸ್ತೆಯ ಹೆಸರಿನಲ್ಲಿ ಉಳಿಸಿಕೊಂಡಿದೆ.

ಮರಳಿ ಕರ್ನಾಟಕಕ್ಕೆ

ಉದ್ಯಮ ಬೆಳೆದಂತೆ ಅದರ ಕೊಂಬೆಗಳು ಕನ್ನಡ ನಾಡಿಗೂ ಚಾಚಿದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಗೊಂಡವು. ಅಮೆರಿಕದಲ್ಲಿ ಎಂಜಿನಿಯರಿಂಗ್ ಕಲಿತು ಬಂದ ಮಗ ಶಂತನುರಾವ್ ತಂದೆಯ ಹೊಣೆಗೆ ಹೆಗಲು ಕೊಟ್ಟರು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾವ್ ಕೊನೆಯುಸಿರೆಳೆದರು. 1969ರಲ್ಲಿ, ಅವರ ಜನ್ಮ ಶತಮಾನೋತ್ಸವದ ವರ್ಷ, ಭಾರತ ಸರ್ಕಾರ ಅಂಚೆಚೀಟಿ ಹೊರತಂದಿತು. 1997ರಲ್ಲಿ ಬಿಡದಿಯ ಕಾರು ಕಾರ್ಖಾನೆಗಾಗಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಅಸ್ತಿತ್ವಕ್ಕೆ ಬಂದಾಗ, ಸೈಕಲ್ಲಿನಿಂದ ಹೊರಟ ಹೆಸರು ಮತ್ತೆ ಚಕ್ರಕ್ಕೇ ಬಂದು ಸೇರಿತು.

ಹಳೆಯ ಕಾರಿಗೂ ಅದೇ ಪಾಠ

ದೇಶದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಮೊದಲೇ ಈ ವ್ಯವಸ್ಥೆಯನ್ನು ಹೊಂದಿದ್ದ ಅನೇಕ ಕಾರುಗಳು ಈಗ ಹಳತಾಗಿವೆ. ಪ್ರತಿ ಚಕ್ರದ ಬಳಿಯ ಸೆನ್ಸರ್ ವೇಗವನ್ನು ಅಳೆಯುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಒಂದು ಚಕ್ರ ಬಿಗಿದುಕೊಳ್ಳುವಂತಿದ್ದರೆ ನಿಯಂತ್ರಣ ಘಟಕವು ಅದರ ಬ್ರೇಕಿನ ಒತ್ತಡವನ್ನು ಕ್ಷಣಾರ್ಧದಲ್ಲಿ ಇಳಿಸಿ ಏರಿಸುತ್ತದೆ.

ಇಗ್ನಿಷನ್ ಹಾಕಿದೊಡನೆ ಹೊತ್ತುವ ಎಬಿಎಸ್ ದೀಪ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಎಬಿಎಸ್ ಕೆಲಸ ನಿಲ್ಲಿಸಿದೆ ಎಂದರ್ಥ. ಸಾಮಾನ್ಯ ಬ್ರೇಕ್ ಇರುತ್ತದೆ, ಆದರೆ ಚಕ್ರ ಬಿಗಿದುಕೊಂಡು ವಾಹನ ಜಾರಬಹುದು. ಬ್ರೇಕಿನ ಕೆಂಪು ದೀಪವೂ ಜತೆಗೆ ಹೊತ್ತಿದರೆ ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿ, ಪರೀಕ್ಷೆಯಾಗುವವರೆಗೆ ಓಡಿಸದಿರುವುದೇ ಲೇಸು.

ಪರೀಕ್ಷೆಯನ್ನು ಸುಲಭದ್ದರಿಂದ ಆರಂಭಿಸಬೇಕು. ಬ್ರೇಕ್ ಆಯಿಲ್ ಮಟ್ಟ, ಫ್ಯೂಸ್, ಬ್ಯಾಟರಿ ಮೊದಲು. ನಂತರ ಸ್ಕ್ಯಾನರ್ ಜೋಡಿಸಿ ದಾಖಲಾದ ದೋಷಸಂಖ್ಯೆಯನ್ನು ಓದಿಸಬೇಕು. ಅದು ಒಂದು ಚಕ್ರವನ್ನು ತೋರಿಸಿದ ಮಾತ್ರಕ್ಕೆ ಆ ಚಕ್ರದ ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ತಂತಿ ಸವೆದು ತುಂಡಾಗಿರಬಹುದು, ಕನೆಕ್ಟರಿಗೆ ನೀರು ಹೊಕ್ಕಿರಬಹುದು, ಸೆನ್ಸರ್ ತುದಿಗೆ ಕೆಸರು ಅಥವಾ ಕಬ್ಬಿಣದ ಪುಡಿ ಅಂಟಿರಬಹುದು, ಬೇರಿಂಗ್ ಸಡಿಲವಾಗಿರಬಹುದು. ಒಣ ರಸ್ತೆಯಲ್ಲಿ ಮೆಲ್ಲಗೆ ನಿಲ್ಲಿಸುವಾಗಲೂ ಪೆಡಲ್ ಕಂಪಿಸುತ್ತಿದ್ದರೆ ಸೆನ್ಸರಿನ ಎದುರು ತಿರುಗುವ ಉಂಗುರ ಬಿರುಕು ಬಿಟ್ಟಿದೆಯೇ, ತುಕ್ಕು ಹಿಡಿದಿದೆಯೇ ಎಂದು ನೋಡಬೇಕು. ಇವೆಲ್ಲ ಸರಿಯಿದ್ದ ಮೇಲೆಯೇ ದುಬಾರಿಯಾದ ಪಂಪ್ ಮತ್ತು ನಿಯಂತ್ರಣ ಘಟಕದ ಸರದಿ. ದೀಪದ ಬಲ್ಬ್ ತೆಗೆಸಿ ಸುಮ್ಮನಾಗುವುದು ದುರಸ್ತಿಯಲ್ಲ, ವಂಚನೆ.

ಬಣ್ಣ ಕಾಣದ ಕಣ್ಣು, ಕೈತಪ್ಪಿದ ಬಡ್ತಿ, ಮಾರಾಟವಾಗದ ನೇಗಿಲು, ಕಳೆದುಹೋದ ಜಾಗ. ಲಕ್ಷ್ಮಣರಾವ್ ಇವುಗಳಲ್ಲಿ ಯಾವುದನ್ನೂ ಹಣೆಬರಹವೆಂದು ಕೈಬಿಡಲಿಲ್ಲ. ಕೆಟ್ಟದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಅಳೆದು, ಉಳಿದದ್ದರಿಂದಲೇ ಮುಂದುವರಿದರು. ಗ್ಯಾರೇಜಿನ ಮುಂದೆ ನಿಂತ ಮಾಲೀಕನಿಗೂ ಇದಕ್ಕಿಂತ ಒಳ್ಳೆಯ ದಾರಿ ಬೇರೊಂದಿಲ್ಲ.