ಯಳಂದೂರಿನ ವಿಶಾಲಾಕ್ಷ ಪಂಡಿತರು: ದಾನವೆಂಬ ಶಿಕ್ಷಾವ್ರತ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯ ನಾಲ್ಕಕ್ಕೆ ಶಿಕ್ಷಾವ್ರತಗಳೆಂದು ಹೆಸರು. ಸಾಮಾಯಿಕ, ಪ್ರೋಷಧೋಪವಾಸ, ಉಪಭೋಗಪರಿಭೋಗ ಪರಿಮಾಣ ಮತ್ತು ಅತಿಥಿಸಂವಿಭಾಗ ಎಂಬವು ಆ ನಾಲ್ಕು. ಅಷ್ಟಮಿ ಚತುರ್ದಶಿಗಳ ಉಪವಾಸವೂ ಯೋಗ್ಯರೊಡನೆ ಹಂಚಿ ಉಣ್ಣುವ ದಾನವೂ ಒಂದೇ ಗುಂಪಿನಲ್ಲಿ ಸೇರಿರುವುದು ಆಕಸ್ಮಿಕವಲ್ಲ. ಶಿಕ್ಷೆಯೆಂದರೆ ಇಲ್ಲಿ ಅಭ್ಯಾಸ. ಒಂದೇ ದಿನದಲ್ಲಿ ಯಾರೂ ಉಪವಾಸಿಗಳಾಗುವುದಿಲ್ಲ. ಮನೆಯ ಮಗು ಮೊದಲು ರಾತ್ರಿಭೋಜನವನ್ನು ಬಿಡುತ್ತದೆ, ಅನಂತರ ಏಕಭುಕ್ತಕ್ಕೆ ಒಗ್ಗುತ್ತದೆ, ಆಮೇಲೆ ಉಪವಾಸಕ್ಕೆ ಅಣಿಯಾಗುತ್ತದೆ. ದಾನಿಯೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಸಿದ್ಧನಾಗಬೇಕಾದವನು. ಸಿರಿವಂತನ ಮಗನೆಂಬ ಒಂದೇ ಕಾರಣದಿಂದ ಯಾವನೂ ದಾನಿಯಾಗಲಾರ.

ಈ ತತ್ತ್ವವನ್ನು ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಬದುಕಿನ ನಿದರ್ಶನದಿಂದ ಮನಗಾಣಿಸುವ ಹಿರಿಯರೊಬ್ಬರಿದ್ದಾರೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಪ್ರಧಾನಮಂತ್ರಿಗಳಾಗಿದ್ದ ವಿಶಾಲಾಕ್ಷ ಪಂಡಿತರೇ ಅವರು. ಮೈಸೂರು ಸಂಸ್ಥಾನದ ಚರಿತ್ರೆಯನ್ನು ಬರೆದವರೆಲ್ಲರೂ ಅವರ ಹೆಸರನ್ನು ಸ್ಮರಿಸಿದ್ದಾರೆ. ಆದರೆ ಶ್ರಾವಕರೊಬ್ಬರ ಚರಿತ್ರೆಯಾಗಿ ಅವರ ಬಾಳನ್ನು ಅವಲೋಕಿಸಿದವರು ವಿರಳ.

ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಸುವರ್ಣಾವತೀ ನದಿಯ ತೀರದಲ್ಲಿ ಯಳಂದೂರು ಇದೆ. ಹದಿನೇಳನೆಯ ಶತಮಾನದಲ್ಲಿ ಅದು ಹದಿನಾಡಿನ ಪಾಳೆಯಗಾರರ ನೆಲೆಯಾಗಿತ್ತು, ವಿದ್ವಾಂಸರಿಗೂ ಆಶ್ರಯವಾಗಿತ್ತು. ರಾಜಶೇಖರವಿಳಾಸವನ್ನು ರಚಿಸಿದ ವೀರಶೈವ ಮಹಾಕವಿ ಷಡಕ್ಷರದೇವನ ಸಮಾಧಿ ಇರುವುದೂ ಯಳಂದೂರಿನಲ್ಲಿಯೇ. ಆ ಊರಿನಲ್ಲಿ ಬೊಮ್ಮರಸ ಪಂಡಿತರೆಂಬ ಜೈನ ವಿದ್ವಾಂಸರ ಮನೆಯಲ್ಲಿ ವಿಶಾಲಾಕ್ಷರು ಜನಿಸಿದರು. ತಂದೆಯಿಂದ ಅವರಿಗೆ ದೊರೆತ ಮೊದಲ ಸಂಪತ್ತು ಹೊನ್ನಲ್ಲ, ವಿದ್ಯೆ. ಅದೇ ಸಂಪತ್ತು ಮುಂದೆ ಅವರನ್ನು ರಾಜ್ಯದ ಪರಮೋಚ್ಚ ಪದವಿಗೆ ಏರಿಸಿತು.

1645ರಲ್ಲಿ ಹುಟ್ಟಿದ ಚಿಕ್ಕದೇವರಾಜರು ತಮ್ಮ ಎಳೆಯ ವಯಸ್ಸಿನ ಕೆಲವು ಕಾಲವನ್ನು ಯಳಂದೂರಿನಲ್ಲಿ ಕಳೆದರೆಂದೂ ಅಲ್ಲಿ ಪಂಡಿತರ ಮಗನೊಡನೆ ಅವರಿಗೆ ಗಾಢವಾದ ಸ್ನೇಹ ಬೆಳೆಯಿತೆಂದೂ ಪರಂಪರೆಯ ವೃತ್ತಾಂತಗಳು ತಿಳಿಸುತ್ತವೆ. ಆಗ ಪಟ್ಟದಲ್ಲಿದ್ದವರು ದೊಡ್ಡದೇವರಾಜ ಒಡೆಯರು. ಅವರ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ಚಿಕ್ಕದೇವರಾಜರನ್ನು ಗುಂಡ್ಲುಪೇಟೆಯ ದಕ್ಷಿಣಕ್ಕಿರುವ ಹಂಗಳ ಗ್ರಾಮದಲ್ಲಿ ಕಾವಲಿನಲ್ಲಿರಿಸಲಾಯಿತು. ಪಟ್ಟವು ದೊರೆಯುವುದೋ ಇಲ್ಲವೋ ತಿಳಿಯದ ಆ ದಿನಗಳಲ್ಲಿ ರಾಜಕುಮಾರನ ಸಂಗಡ ನಿಲ್ಲುವುದು ಲಾಭದ ಕೆಲಸವಾಗಿರಲಿಲ್ಲ. ಆದರೂ ವಿಶಾಲಾಕ್ಷರು ಅವರ ಸಂಗವನ್ನು ತೊರೆಯಲಿಲ್ಲ. ಪಟ್ಟವು ಅವರಿಗೇ ಒಲಿಯುವುದೆಂದು ಪಂಡಿತರು ಭವಿಷ್ಯ ನುಡಿದರೆಂದೂ, ಹಾಗಾದಲ್ಲಿ ಮಂತ್ರಿಪದವಿಯನ್ನು ಕೊಡುವುದಾಗಿ ರಾಜಕುಮಾರರು ಮಾತು ಕೊಟ್ಟರೆಂದೂ ಹೇಳುವ ಕಥೆಯು ಕರ್ನಲ್ ವಿಲ್ಕ್ಸನ ಮೈಸೂರು ಇತಿಹಾಸದಲ್ಲಿಯೂ ಸೇರಿದೆ.

ಕಥೆಯಲ್ಲಿನ ಭವಿಷ್ಯವಾಣಿಯ ಅಂಶ ಹೇಗೆಯೇ ಇರಲಿ, ಅದರ ಹಿಂದಿನ ಸಂಗತಿ ಮನನೀಯವಾದದ್ದು. ಮುಂದೆ ನಾಡಿನ ಬೊಕ್ಕಸವನ್ನು ಆಳಬೇಕಾಗಿದ್ದ ತರುಣನ ಮನಸ್ಸು ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಅವನ ಬಳಿ ಒಬ್ಬ ವ್ರತನಿಷ್ಠ ಸ್ನೇಹಿತನಿದ್ದನು. ಅರಸನಿಗೆ ಪಟ್ಟ ಬಂದ ಮೇಲೆ ಧರ್ಮಕ್ಕಾಗಿ ಕೈಯೊಡ್ಡುವವರು ನೂರಾರು ಮಂದಿ. ಪಟ್ಟ ಬರುವ ಮುನ್ನವೇ ಅವನಲ್ಲಿ ಧರ್ಮರುಚಿಯನ್ನು ಬೆಳೆಸುವ ಸಂಗವೇ ದುರ್ಲಭ.

1673ರಲ್ಲಿ ಚಿಕ್ಕದೇವರಾಜರಿಗೆ ಪಟ್ಟವಾಯಿತು. ಕೊಟ್ಟ ಮಾತಿನಂತೆ ವಿಶಾಲಾಕ್ಷ ಪಂಡಿತರು ಪ್ರಧಾನರಾದರು. ಸುಮಾರು 13 ವರ್ಷಗಳ ಕಾಲ ಆ ಭಾರವನ್ನು ಹೊತ್ತರು. ಅವರ ಸಹೋದ್ಯೋಗಿಗಳಲ್ಲಿ ಶ್ರೀವೈಷ್ಣವರಾದ ತಿರುಮಲಾರ್ಯ, ಚಿಕ್ಕುಪಾಧ್ಯಾಯ, ಷಡಕ್ಷರಯ್ಯ, ಕರಣಿಕ ಲಿಂಗಣ್ಣ ಮೊದಲಾದವರಿದ್ದರು. ಬೇರೆ ಬೇರೆ ಮತಗಳ ವಿದ್ವಾಂಸರು ಒಂದೇ ಆಸ್ಥಾನದಲ್ಲಿ ಕುಳಿತು ರಾಜಕಾರ್ಯವನ್ನು ನಡೆಸಿದ ಕಾಲವದು.

ಮಂತ್ರಿಗಳ ಧರ್ಮಕಾರ್ಯವನ್ನು ತಿಳಿಯಬೇಕಾದರೆ ಶ್ರವಣಬೆಳಗೊಳದ ಅಂದಿನ ಸ್ಥಿತಿಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಪಂಡಿತರು ಪ್ರಧಾನರಾಗುವುದಕ್ಕೆ ಸುಮಾರು 40 ವರ್ಷ ಮೊದಲು, ಕ್ಷೇತ್ರದ ಭೂಮಿಗಳು ವರ್ತಕರಲ್ಲಿ ಅಡವಾಗಿ ಬಿದ್ದಿದ್ದವು. ಹಿಂದಿನವರು ದೇವರ ಪೂಜೆಗೆಂದು ಬಿಟ್ಟ ಭೂಮಿಯನ್ನು ಸ್ಥಾನಿಕರು ಕಷ್ಟಕಾಲದಲ್ಲಿ ಒತ್ತೆಯಿಟ್ಟಿದ್ದರು. 1634ರಲ್ಲಿ ಚಾಮರಾಜ ಒಡೆಯರು ಸಾಲ ಕೊಟ್ಟವರನ್ನು ಕರೆಸಿ, ಆ ಹಣವನ್ನು ತಾವೇ ತೀರಿಸುವುದಾಗಿ ತಿಳಿಸಿದರು. ಆಗ ವರ್ತಕರು ಹಣವನ್ನು ಸ್ವೀಕರಿಸದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಟ್ಟರು. ಮುಂದೆ ದೇವಸ್ವವನ್ನು ಯಾರೂ ಅಡವಿಡಕೂಡದು, ಯಾರೂ ಅಡವು ಹಿಡಿಯಕೂಡದು ಎಂದು ಅರಸರು ಕಟ್ಟುಮಾಡಿದರು. ಬೆಳಗೊಳದ ಶಾಸನವು ಈ ವೃತ್ತಾಂತವನ್ನು ಇಂದಿಗೂ ಸಾರುತ್ತಿದೆ.

ಹಿರಿಯರು ಎಷ್ಟೇ ಉದಾರವಾಗಿ ಕೊಟ್ಟಿದ್ದರೂ, ಅದನ್ನು ಕಾಯುವ ಮುಂದಿನ ತಲೆಮಾರು ಸಿದ್ಧವಾಗದಿದ್ದರೆ ದಾನವು ಸಾಲಗಾರನ ಪಾಲಾಗುತ್ತದೆ. ಈ ಎಚ್ಚರಿಕೆಯ ನೆರಳಿನಲ್ಲಿಯೇ 1677ರ ಮಹಾಕಾರ್ಯವನ್ನು ನೋಡಬೇಕು. ಆ ವರ್ಷ ವಿಶಾಲಾಕ್ಷ ಪಂಡಿತರು ಗೊಮ್ಮಟೇಶ್ವರ ಸ್ವಾಮಿಯ ಮಸ್ತಕಾಭಿಷೇಕವನ್ನು ತಮ್ಮ ಸ್ವಂತ ವೆಚ್ಚದಿಂದ ನೆರವೇರಿಸಿದರೆಂದು, ಸುಮಾರು ನೂರು ವರ್ಷಗಳ ತರುವಾಯ ಗೊಮ್ಮಟೇಶ್ವರ ಚರಿತೆಯನ್ನು ಬರೆದ ಅನಂತಕವಿ ದಾಖಲಿಸಿದ್ದಾನೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ಫಲದಲ್ಲಿ ತಾರತಮ್ಯವನ್ನು ಹೇಳುತ್ತದೆ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನವು ವಿಶೇಷವಾಗುತ್ತದೆ. ಎಷ್ಟು ಕೊಟ್ಟನೆಂಬುದು ಆ ನಾಲ್ಕರಲ್ಲಿ ಇಲ್ಲವೇ ಇಲ್ಲ. ಹೇಗೆ ಕೊಟ್ಟನು, ಯಾವ ದ್ರವ್ಯವನ್ನು ಕೊಟ್ಟನು, ಯಾವ ಭಾವದವನಾಗಿ ಕೊಟ್ಟನು, ಯಾರಿಗೆ ಕೊಟ್ಟನು ಎಂಬ ಪ್ರಶ್ನೆಗಳಷ್ಟೇ ಇವೆ. ಪ್ರಧಾನಿಯ ಮುದ್ರೆಯು ಕೈಯಲ್ಲಿದ್ದವರಿಗೆ ಅರಮನೆಯ ಬೊಕ್ಕಸದಿಂದಲೇ ಇಡೀ ಉತ್ಸವವನ್ನು ನಡೆಸುವುದು ಕಷ್ಟವಾಗಿರಲಾರದು. ಆದರೂ ಪಂಡಿತರು ತಮ್ಮದನ್ನೇ ವೆಚ್ಚ ಮಾಡಿದರು. ಪರರ ಧನದಿಂದ ಪ್ರಭಾವನೆ ನಡೆಸಬಹುದು, ದಾನ ಮಾಡಲಾಗದು. ತನ್ನದೆಂಬುದನ್ನು ಬಿಟ್ಟುಕೊಡುವುದೇ ದಾನದ ಲಕ್ಷಣ. ಅಧಿಕಾರದಲ್ಲಿರುವ ಶ್ರಾವಕರೆಲ್ಲರಿಗೂ ಇದು ಮೇಲ್ಪಂಕ್ತಿ.

ದ್ರವ್ಯಶುದ್ಧಿಯ ಪ್ರಶ್ನೆಯು ಅವರ ಬಾಳಿನಲ್ಲಿ ಕಠಿಣವಾದ ರೂಪದಲ್ಲಿಯೂ ಎದುರಾಯಿತು. ಚಿಕ್ಕದೇವರಾಜರು ರಾಜ್ಯವನ್ನು ವಿಸ್ತರಿಸಿದರು, ಬೊಕ್ಕಸವನ್ನು ತುಂಬಿಸಿದರು. ಅದಕ್ಕಾಗಿ ಭೂಕಂದಾಯವು ಏರಿತು, ರೈತಾಪಿ ಜನರಲ್ಲಿ ಅಸಮಾಧಾನ ಹಬ್ಬಿತು, ಪ್ರತಿಭಟನೆಯನ್ನು ಸರ್ಕಾರವು ನಿಷ್ಠುರವಾಗಿ ಅಡಗಿಸಿತು. ಈ ನೀತಿಯ ಹೊಣೆಯನ್ನು ಜನರು ಪ್ರಧಾನರ ಮೇಲೆ ಹೊರಿಸಿದರು. ಶ್ರಾವಕರೊಬ್ಬರ ಚರಿತ್ರೆಯೆಂಬ ಕಾರಣಕ್ಕೆ ಈ ಸಂಗತಿಯನ್ನು ಮರೆಮಾಚುವುದು ಸಲ್ಲದು. ಕೈಯೆತ್ತಿ ಕೊಡುವವನು ಗಳಿಸುವಾಗ, ಆಳುವಾಗ, ವಸೂಲು ಮಾಡುವಾಗ ಯಾರನ್ನು ನೋಯಿಸಿದನೆಂಬ ಲೆಕ್ಕವೂ ಧರ್ಮದ ಲೆಕ್ಕವೇ. ಅಹಿಂಸಾಣುವ್ರತವನ್ನೂ ಅಚೌರ್ಯಾಣುವ್ರತವನ್ನೂ ಮೊದಲು ಹೇಳಿ, ದಾನವನ್ನು ಹನ್ನೆರಡನೆಯ ಸ್ಥಾನದಲ್ಲಿ ಇರಿಸಿರುವ ಕ್ರಮದಲ್ಲಿ ಈ ವಿವೇಕ ಅಡಗಿದೆ. ಮಕ್ಕಳಿಗೆ ಕೊಡುವುದನ್ನು ಕಲಿಸುವ ಮುನ್ನ ನ್ಯಾಯವಾಗಿ ಗಳಿಸುವುದನ್ನು ಕಲಿಸಬೇಕು.

ಆ ಅಸಮಾಧಾನವೇ ಪಂಡಿತರ ಪ್ರಾಣಕ್ಕೆ ಎರವಾಯಿತು. 1686ರಲ್ಲಿ ಒಂದು ರಾತ್ರಿ ಅರಮನೆಯಿಂದ ಮನೆಗೆ ಹಿಂದಿರುಗುತ್ತಿದ್ದಾಗ ಅವರು ಹಂತಕರ ಏಟಿಗೆ ಗುರಿಯಾದರು. ಸುದ್ದಿ ತಿಳಿದ ಅರಸರು ಮಿತ್ರನ ಮರಣಶಯ್ಯೆಯ ಬಳಿಗೆ ಧಾವಿಸಿ, ಮುಂದಿನ ಪ್ರಧಾನರು ಯಾರಾಗಬೇಕೆಂದು ಕೇಳಿದರು. ಪಂಡಿತರು ತಮ್ಮ ಮನೆಯವರನ್ನಾಗಲಿ ತಮ್ಮ ಮತದವರನ್ನಾಗಲಿ ಹೆಸರಿಸಲಿಲ್ಲ. ಸಹೋದ್ಯೋಗಿಯಾಗಿದ್ದ ತಿರುಮಲಾರ್ಯರೇ ಆ ಪದವಿಗೆ ತಕ್ಕವರೆಂದು ಸೂಚಿಸಿದರು. ತಿರುಮಲಾರ್ಯರು ಪ್ರಧಾನರಾದರು, ಕನ್ನಡ ಸಾಹಿತ್ಯದಲ್ಲಿಯೂ ಚಿರಕೀರ್ತಿಯನ್ನು ಪಡೆದರು. ಕೊನೆಯುಸಿರಿನ ಹೊತ್ತಿನಲ್ಲಿಯೂ ತನ್ನವನು ಯಾರೆಂದು ನೋಡದೆ ಪಾತ್ರನು ಯಾರೆಂದು ನೋಡಿದ ಈ ಒಂದು ನಡೆ, ಸಾವಿರ ಕಲಶಗಳ ಅಭಿಷೇಕಕ್ಕೆ ಹೆಗಲೆಣೆಯಾಗಿ ನಿಲ್ಲತಕ್ಕದ್ದು.

ಪಂಡಿತರು ತೀರಿಕೊಂಡ ಬಳಿಕವೂ ಆಸ್ಥಾನದಲ್ಲಿ ಧರ್ಮದ ಎಳೆ ಕಡಿಯಲಿಲ್ಲ. ಟಂಕಸಾಲೆಯ ಅಧಿಕಾರಿಯಾಗಿದ್ದ ಅಣ್ಣಯ್ಯನ ಬಿನ್ನಹದ ಮೇರೆಗೆ ಚಿಕ್ಕದೇವರಾಜರು ಬೆಳಗೊಳದಲ್ಲಿ ಕಲ್ಯಾಣಿಯ ನಿರ್ಮಾಣಕ್ಕೆ ತೊಡಗಿದರೆಂದು ಅನಂತಕವಿಯೇ ತಿಳಿಸುತ್ತಾನೆ. ಕೆಲಸ ಮುಗಿಯುವ ಮೊದಲೇ, 1704ರಲ್ಲಿ, ಅರಸರು ಕಾಲವಾದರು. ಅಣ್ಣಯ್ಯನು ಕೈಚೆಲ್ಲಿ ಕುಳಿತುಕೊಳ್ಳಲಿಲ್ಲ. ಚಿಕ್ಕದೇವರಾಜರ ಮೊಮ್ಮಗನಾದ ಕೃಷ್ಣರಾಜ ಒಡೆಯರ ಕಾಲದಲ್ಲಿ ಆ ಕೆಲಸವನ್ನು ಪೂರ್ಣಗೊಳಿಸಿದನು. ತಾತನು ಆರಂಭಿಸಿದ ದಾನವು ಮೊಮ್ಮಗನ ಕಾಲದಲ್ಲಿ ಸಂಪೂರ್ಣವಾಯಿತು. ನಡುವೆ ಸೇತುವಾಗಿ ನಿಂತವನು ಒಬ್ಬ ನಂಬಿಗಸ್ತ ಅಧಿಕಾರಿ. ವಿಂಧ್ಯಗಿರಿ ಚಂದ್ರಗಿರಿಗಳ ನಡುವಿನ ಆ ಕೊಳವನ್ನು ಯಾತ್ರಿಕರು ಇಂದಿಗೂ ಕಾಣುತ್ತಾರೆ.

ತಲೆಮಾರುಗಳನ್ನು ದಾಟಿ ನಿಲ್ಲುವ ದಾನದ ಕ್ರಮ ಬೆಳಗೊಳಕ್ಕೆ ಹೊಸದೂ ಆಗಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಸಾಮಾನ್ಯ ಗೃಹಸ್ಥರೂ ಕೆಲವೇ ಗದ್ಯಾಣಗಳನ್ನು ಮೂಲಧನವಾಗಿಟ್ಟು, ಅದರ ಬಡ್ಡಿಯಿಂದ ಸ್ವಾಮಿಯ ನಿತ್ಯಾಭಿಷೇಕಕ್ಕೆ ಹಾಲು ಸಲ್ಲುವಂತೆ ಏರ್ಪಡಿಸಿದ್ದನ್ನು ಅಲ್ಲಿನ ಶಾಸನಗಳು ಹೇಳುತ್ತವೆ. ಅತ್ತ ವ್ರತದ ಉದ್ಯಾಪನೆಯೂ ಇಂಥ ದಾನಕ್ಕೆ ಸಾಧನವಾಗಿತ್ತು. ಶ್ರೀಪಂಚಮಿ ವ್ರತವನ್ನು ಪೂರೈಸಿದ ಮಲ್ಲಿಕವ್ವೆ ಎಂಬ ಶ್ರಾವಕಿಯು ಮಹಾಬಂಧ ಗ್ರಂಥವನ್ನು ತಾಳೆಗರಿಯಲ್ಲಿ ಬರೆಯಿಸಿ ಮಾಘನಂದಿ ಆಚಾರ್ಯರಿಗೆ ಅರ್ಪಿಸಿದಳು. ಮೂಡುಬಿದಿರೆಯಲ್ಲಿ ಉಳಿದುಬಂದ ಆ ಪ್ರತಿಯಿಂದಲೇ ಇಪ್ಪತ್ತನೆಯ ಶತಮಾನದಲ್ಲಿ ಗ್ರಂಥವು ಮುದ್ರಣವನ್ನು ಕಂಡಿತು. ಒಂದು ಮನೆಯ ಉಪವಾಸವು ಸಮಸ್ತ ಸಮಾಜದ ಶ್ರುತಸಂಪತ್ತನ್ನು ಕಾಪಾಡಿತು.

ಇಂದು ಯಳಂದೂರು, ಕೊಳ್ಳೇಗಾಲ, ಹನೂರು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಈ ಸೀಮೆಯ ಶ್ರಾವಕ ಕುಟುಂಬಗಳು ವಿಶಾಲಾಕ್ಷ ಪಂಡಿತರನ್ನು ತಮ್ಮ ನೆಲದ ಹಿರಿಯರೆಂದು ಹೇಳಿಕೊಳ್ಳುವುದು ನ್ಯಾಯವೇ. ಆ ಹೆಮ್ಮೆಯು ಆಚರಣೆಯಲ್ಲಿ ಫಲಿಸಬೇಕಾದರೆ ದಾನದ ಅಭ್ಯಾಸವು ಮನೆಯಿಂದಲೇ ತೊಡಗಬೇಕು. ಚತುರ್ದಶಿಯಂದು ಉಪವಾಸವಿರುವ ಮನೆಯಲ್ಲಿ ಆ ದಿನ ಉಳಿದ ಅಕ್ಕಿಬೇಳೆಯ ಬೆಲೆಯನ್ನು ಮಕ್ಕಳ ಕೈಯಿಂದಲೇ ಬೇರೆ ತೆಗೆದಿರಿಸಬಹುದು. ವರ್ಷದ ಕೊನೆಗೆ ಆ ಮೊತ್ತವು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಯಾವುದಕ್ಕೆ ಸಲ್ಲಬೇಕೆಂಬುದನ್ನು ಹಿರಿಯರು ಕಿರಿಯರೊಡನೆ ಕುಳಿತು ತೀರ್ಮಾನಿಸಬಹುದು. ಪಾತ್ರವನ್ನು ವಿಚಾರಿಸಿ ನೋಡುವ ಕೆಲಸವನ್ನು ಕಿರಿಯರಿಗೇ ಒಪ್ಪಿಸಬಹುದು. ಕೊಟ್ಟದ್ದು ಏನಾಯಿತೆಂದು ಮರುವರ್ಷ ಅವರೇ ಹೋಗಿ ನೋಡಿ ಬರಬೇಕು. ಬಸದಿಗೆ ತಾತನು ಬಿಟ್ಟ ದತ್ತಿಯ ಪತ್ರ ಎಲ್ಲಿದೆ, ಅದರ ಹುಟ್ಟುವಳಿ ಏನು, ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದು ಮೊಮ್ಮಕ್ಕಳಿಗೆ ತಿಳಿದಿರಬೇಕು. 1634ರ ಶಾಸನವು ಕಲಿಸುವ ಪಾಠ ಇದೇ.

ಉತ್ಸವದ ದಿನ ಕಲಶದ ಸವಾಲಿನಲ್ಲಿ ಕೂಗುವ ಮೊತ್ತವು ತಂದೆಯ ಭಕ್ತಿಗೆ ಸಾಕ್ಷಿಯಾದೀತು. ಮಗನು ದಾನಿಯಾಗುವುದು ಮಾತ್ರ ಉಳಿದ ದಿನಗಳ ಅಭ್ಯಾಸದಿಂದ. ಹಂಗಳದಲ್ಲಿ ಕಾವಲಿನಲ್ಲಿದ್ದ ತರುಣನ ಬಳಿ ನಿಂತ ಸ್ನೇಹಿತನೂ ಪೂರ್ತಿಯಾಗದ ಕೊಳವನ್ನು ಪೂರ್ತಿಗೊಳಿಸಿದ ಅಧಿಕಾರಿಯೂ ತೋರಿಸಿದ ದಾರಿಯದು. ಪ್ರೋಷಧೋಪವಾಸವು ದೇಹಕ್ಕೆ ಕಲಿಸುವುದನ್ನು ಅತಿಥಿಸಂವಿಭಾಗವು ಕೈಗೆ ಕಲಿಸುತ್ತದೆ. ಎರಡನ್ನೂ ಎಳೆಯರಿಗೆ ಜೊತೆಜೊತೆಯಾಗಿ ಕಲಿಸುವ ಮನೆಯಲ್ಲಿ ಹಿರಿಯರ ದಾನವು ಅವರೊಡನೆ ಮುಗಿಯುವುದಿಲ್ಲ.