ವಿದ್ಯಾಧಿಕಾರಿಯ ಮಗಳು ಮೆಹರ್‌ಬಾಯಿ ಟಾಟಾ

ಪೆನುಕೊಂಡದ ಕೋಟೆಯ ನೆರಳಿನಲ್ಲಿ ಬೆಳೆಯುವ ಮಕ್ಕಳಿಗೆ ರಾಜರಾಣಿಯರ ಕಥೆಗಳ ಕೊರತೆಯಿಲ್ಲ. 1565ರ ಸೋಲಿನ ಬಳಿಕ ವಿಜಯನಗರದ ಅರಸರು ಇಲ್ಲಿಗೆ ಬಂದು ನೆಲೆಸಿದ ವೃತ್ತಾಂತವನ್ನು ನಮ್ಮ ಕಿರಿಯ ತರಗತಿಗಳ ಮಕ್ಕಳೂ ಹೇಳಬಲ್ಲರು. ಆದುದರಿಂದ ಈ ಶತಮಾನೋತ್ಸವ ಸಂಚಿಕೆಗೆ ಒಂದು ಜೀವನಚಿತ್ರವನ್ನು ಬರೆಯುವ ಹೊಣೆ ನಮ್ಮ ಮೇಲೆ ಬಿದ್ದಾಗ, ಅರಸುಮನೆತನಗಳನ್ನು ಬದಿಗಿಟ್ಟು, ಮೈಸೂರು ಸಂಸ್ಥಾನದ ಒಬ್ಬ ವಿದ್ಯಾಧಿಕಾರಿಯ ಮನೆಯಲ್ಲಿ ಬೆಳೆದ ಹೆಣ್ಣುಮಗಳನ್ನು ಆರಿಸಿಕೊಂಡೆವು. ಆಕೆ ಲೇಡಿ ಮೆಹರ್‌ಬಾಯಿ ಟಾಟಾ. ಟಾಟಾ ಎಂಬ ಹೆಸರನ್ನು ಉಪ್ಪಿನ ಪೊಟ್ಟಣದ ಮೇಲೂ ಲಾರಿಗಳ ಮೂತಿಯ ಮೇಲೂ ನಿತ್ಯ ಕಾಣುವ ನಮಗೆ ಈ ಮಹಿಳೆಯ ಪರಿಚಯ ಅಷ್ಟಾಗಿ ಇಲ್ಲ. ಆದರೆ ಇವರ ಸಾವಿನ ನೋವಿನಿಂದ ಹುಟ್ಟಿದ ನಿಧಿಗಳು ರಕ್ತದ ಕ್ಯಾನ್ಸರಿನ ಸಂಶೋಧನೆಗೂ ಬಡರೋಗಿಗಳ ಚಿಕಿತ್ಸೆಗೂ ಒದಗಿವೆ. ಆ ಕಾಯಿಲೆಯ ಹೆಸರನ್ನು ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳು ಅನುಭವದಿಂದಲೇ ಬಲ್ಲವು.

ಮೆಹರ್‌ಬಾಯಿ 1879ರಲ್ಲಿ ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಹೊರ್ಮುಸ್‌ಜಿ ಭಾಭಾ ಇಂಗ್ಲೆಂಡಿನಲ್ಲಿ ಓದಿ ಬಂದವರು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯನ್ನು ಸೇರಿ, ಮುಂದೆ ಅದರ ಇನ್ಸ್‌ಪೆಕ್ಟರ್ ಜನರಲ್ ಪದವಿಗೆ ಏರಿದವರು. ಹೀಗಾಗಿ ಮಗಳ ಬಾಲ್ಯವೆಲ್ಲ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಕಳೆಯಿತು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದು ಸಾಗಿತು. ಮನೆಯಲ್ಲಿ ತಂದೆಯ ಗ್ರಂಥಭಂಡಾರವಿತ್ತು, ಪಿಯಾನೊ ಇತ್ತು. ಆ ಕಾಲದ ಮೈಸೂರು ಹೆಣ್ಣುಮಕ್ಕಳ ಓದಿಗೆ ಬಾಗಿಲು ತೆರೆಯುತ್ತಿದ್ದ ನಾಡು. ಮಹಾರಾಣಿಯವರ ಬಾಲಿಕಾ ಶಾಲೆ 1881ರಲ್ಲಿಯೇ ಅಲ್ಲಿ ಆರಂಭವಾಗಿತ್ತು. ಊರೂರು ತಿರುಗಿ ಶಾಲೆಗಳ ತನಿಖೆ ಮಾಡುವ ಅಧಿಕಾರಿ ತನ್ನ ಮಗಳನ್ನು ಮಾತ್ರ ಅಡುಗೆಮನೆಗೆ ಬಿಟ್ಟಿದ್ದರೆ ಆ ತನಿಖೆಗೆ ಬೆಲೆಯೆಲ್ಲಿ? ಭಾಭಾ ಹಾಗೆ ಮಾಡಲಿಲ್ಲ. ಮೆಹರ್‌ಬಾಯಿಯನ್ನು ಕುರಿತ ಬರಹಗಳೆಲ್ಲ ಆಕೆಯ ವಜ್ರದಿಂದಲೇ ಆರಂಭವಾಗುತ್ತವೆ. ನಮಗೆ ಈ ಓದೇ ಮೊದಲ ಆಭರಣವಾಗಿ ಕಾಣುತ್ತದೆ.

ಉದ್ಯಮಿ ಜಮ್‌ಸೆಟ್‌ಜಿ ಟಾಟಾ ಅವರಿಗೆ ಮೈಸೂರು ಸಂಸ್ಥಾನದೊಡನೆ ಹಲವು ಬಗೆಯ ನಂಟಿತ್ತು. ಭಾಭಾ ಅವರ ಮನೆಗೆ ಬಂದಾಗ ಈ ಹುಡುಗಿಯ ನಡೆನುಡಿಯನ್ನು ಮೆಚ್ಚಿ, ತಮ್ಮ ಹಿರಿಯ ಮಗ ದೊರಾಬ್ಜಿಗೆ ಅಲ್ಲಿಗೆ ಹೋಗಿಬರುವಂತೆ ಸೂಚಿಸಿದರೆಂಬುದು ಆ ಮನೆತನದಲ್ಲಿ ಬಳಕೆಯಲ್ಲಿರುವ ಕಥೆ. 1898ರ ಫೆಬ್ರವರಿ 14ರಂದು ವಿವಾಹ ನಡೆಯಿತು. ವರನಿಗೆ ಮೂವತ್ತೆಂಟು, ವಧುವಿಗೆ ಹದಿನೆಂಟು. ಅದೇ ವರ್ಷ ಜಮ್‌ಸೆಟ್‌ಜಿ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಒಂದು ವಿಜ್ಞಾನ ಸಂಸ್ಥೆಗೆ ಮೀಸಲಿಡುವುದಾಗಿ ಪ್ರಕಟಿಸಿದ್ದರು. ಅವರು 1904ರಲ್ಲಿ ಕಾಲವಾದ ಮೇಲೆ ಆ ಕೆಲಸವನ್ನು ಮಕ್ಕಳು ಪೂರೈಸಿದರು. ಮೈಸೂರು ಸರಕಾರ 371 ಎಕರೆ ಭೂಮಿಯನ್ನು ಕೊಟ್ಟಿತು. 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪು ತಳೆಯಿತು. ಜ್ಞಾನಕ್ಕಾಗಿ ಹಣವನ್ನು ಬೇರ್ಪಡಿಸಿಡುವ ಮನೆಗೆ ಮೆಹರ್‌ಬಾಯಿ ಸೊಸೆಯಾಗಿ ಬಂದಿದ್ದರು.

ಅವರ ಸಾರ್ವಜನಿಕ ಜೀವನವನ್ನು ಇಲ್ಲಿ ವಿಸ್ತರಿಸಲು ಸ್ಥಳ ಸಾಲದು. ಪರದಾ ಪದ್ಧತಿ, ಬಾಲ್ಯವಿವಾಹಗಳ ವಿರುದ್ಧವೂ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಪರವಾಗಿಯೂ ದುಡಿದರು. 1925ರಲ್ಲಿ ರೂಪುಗೊಂಡ ರಾಷ್ಟ್ರೀಯ ಮಹಿಳಾ ಪರಿಷತ್ತಿನ ಸ್ಥಾಪಕರಲ್ಲಿ ಒಬ್ಬರಾದರು. ವಿದೇಶಗಳ ವೇದಿಕೆಗಳಲ್ಲಿ ಭಾರತದ ಸ್ತ್ರೀಯರ ಪರವಾಗಿ ಮಾತನಾಡಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್‌ಕ್ರಾಸ್ ಸೇವೆಯಲ್ಲಿ ತೊಡಗಿದ್ದರು. ಸೀರೆಯುಟ್ಟೇ ಟೆನಿಸ್ ಆಡಿ ಬಹುಮಾನಗಳನ್ನು ಗೆಲ್ಲುತ್ತಿದ್ದರೆಂಬ ಸಂಗತಿ ನಮ್ಮ ವಿದ್ಯಾರ್ಥಿನಿಯರಿಗೆ ಬಹಳ ಹಿಡಿಸುತ್ತದೆ. ದಂಪತಿಗಳಿಗೆ ಮಕ್ಕಳಿರಲಿಲ್ಲ.

ಇನ್ನು ಆ ವಜ್ರದ ವಿಷಯ. ನಮ್ಮ ಅನಂತಪುರದ ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ವಜ್ರಕರೂರಿನ ಹೊಲಗಳಲ್ಲಿ ಜನರು ತಲೆ ಬಗ್ಗಿಸಿ ವಜ್ರ ಹುಡುಕುವುದನ್ನು ಕಂಡವರಿಗೆ, ಒಂದು ಕಲ್ಲು ಮನೆಯ ಹಣೆಬರಹವನ್ನು ಬದಲಿಸಬಲ್ಲುದೆಂಬ ಆಸೆ ಹೊಸದಲ್ಲ. ದೊರಾಬ್ಜಿ ಪತ್ನಿಗೆ ಕೊಂಡುಕೊಟ್ಟದ್ದು ದಕ್ಷಿಣ ಆಫ್ರಿಕದ ಗಣಿಯಲ್ಲಿ ದೊರೆತ ಜುಬಿಲಿ ವಜ್ರ, ತೂಕ 245.35 ಕ್ಯಾರಟ್, ಇಂದಿನ ಕೊಹಿನೂರಿನ ಎರಡರಷ್ಟಕ್ಕೂ ಹೆಚ್ಚು. 1924ರಲ್ಲಿ ಟಾಟಾ ಉಕ್ಕಿನ ಕಾರ್ಖಾನೆ ಸಂಬಳ ಕೊಡಲೂ ಹಣವಿಲ್ಲದ ಸ್ಥಿತಿಗೆ ಬಂದಾಗ, ದೊರಾಬ್ಜಿ ಸುಮಾರು ಒಂದು ಕೋಟಿ ರೂಪಾಯಿ ಮೌಲ್ಯದ ತಮ್ಮ ಸ್ವಂತ ಆಸ್ತಿಯನ್ನು ಇಂಪೀರಿಯಲ್ ಬ್ಯಾಂಕಿಗೆ ಒತ್ತೆಯಿಟ್ಟರು. ಪತ್ನಿಯ ಒಡವೆಗಳೂ ಆ ವಜ್ರವೂ ಅದರೊಳಗೆ ಸೇರಿದ್ದವು. ಬಿತ್ತನೆಯ ಕಾಲಕ್ಕೆ ಕೊರಳ ಸರವನ್ನು ಬಿಚ್ಚಿ ಗಂಡನ ಕೈಗಿಡುವ ನಮ್ಮ ಸೀಮೆಯ ಹೆಂಗಸರಿಗೆ ಈ ಸಂದರ್ಭವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆ ಉಳಿಯಿತು, ಒಡವೆಗಳು ಮರಳಿದವು.

ಆದರೆ ಒಡವೆಯಿಂದ ಉಳಿಸಲಾಗದ ಸಂಕಟವೊಂದು ಮುಂದೆ ಕಾದಿತ್ತು. ಮೆಹರ್‌ಬಾಯಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ತುತ್ತಾದರು. ಮೂಳೆಯೊಳಗಿನ ಮಜ್ಜೆಯಲ್ಲಿ ಬಿಳಿಯ ರಕ್ತಕಣಗಳು ಹದ್ದುಮೀರಿ ಬೆಳೆದು, ಉಳಿದ ರಕ್ತಕಣಗಳಿಗೆ ಎಡೆಯಿಲ್ಲದಂತೆ ಮಾಡುವ ರೋಗವಿದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ವೈದ್ಯರು ಇದನ್ನು ಗುರುತಿಸಿ ಹೆಸರಿಟ್ಟಿದ್ದರು. ಆದರೆ ಎಂಬತ್ತು ವರ್ಷಗಳ ಬಳಿಕವೂ ಅವರ ಬಳಿ ಇದ್ದದ್ದು ಸಂಖಪಾಷಾಣದ ಔಷಧ ಮತ್ತು ಕ್ಷಕಿರಣ ಮಾತ್ರ. ಅವುಗಳಿಂದ ಕೆಲವು ತಿಂಗಳ ನೆಮ್ಮದಿ ದೊರೆಯುತ್ತಿತ್ತು, ಗುಣವಾಗುತ್ತಿರಲಿಲ್ಲ. ದೇಶದ ಅತಿ ಶ್ರೀಮಂತ ಮನೆತನಗಳಲ್ಲೊಂದರ ಸೊಸೆಗೂ ಔಷಧವಿಲ್ಲವಾಯಿತು. ಕಾರಣ ಹಣದ ಅಭಾವವಲ್ಲ, ಅರಿವಿನ ಅಭಾವ. 1931ರ ಜೂನ್ 18ರಂದು ಇಂಗ್ಲೆಂಡಿನ ನೆರೆಯ ವೇಲ್ಸ್ ಪ್ರಾಂತದ ಚಿಕಿತ್ಸಾಲಯವೊಂದರಲ್ಲಿ ಅವರು ಕೊನೆಯುಸಿರೆಳೆದರು. ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಸಮಾಧಿಯಾಯಿತು.

ಪತ್ನಿಯ ನೆನಪಿಗೆ ಅಮೃತಶಿಲೆಯ ಮಂಟಪವನ್ನು ಕಟ್ಟಿಸುವುದು ದೊರಾಬ್ಜಿಗೆ ಕಷ್ಟವಾಗಿರಲಿಲ್ಲ. ಅವರು ಮಾಡಿದ್ದು ಬೇರೆ. 1932ರಲ್ಲಿ ಲೇಡಿ ಟಾಟಾ ಸ್ಮಾರಕ ನಿಧಿಯನ್ನು ಸ್ಥಾಪಿಸಿ, ಅದರ ಆದಾಯದ ಐದನೆಯ ನಾಲ್ಕು ಪಾಲನ್ನು ಪ್ರಪಂಚದ ಯಾವುದೇ ದೇಶದಲ್ಲಿ ಲ್ಯುಕೇಮಿಯಾ ಕುರಿತು ನಡೆಯುವ ಸಂಶೋಧನೆಗೂ, ಉಳಿದ ಒಂದು ಪಾಲನ್ನು ರೋಗಪೀಡೆಯನ್ನು ತಗ್ಗಿಸಲು ಭಾರತದಲ್ಲಿ ನಡೆಯುವ ವೈಜ್ಞಾನಿಕ ಕಾರ್ಯಕ್ಕೂ ಗೊತ್ತುಪಡಿಸಿದರು. ನಮ್ಮ ದೇಶದ ಹಣ ಬಹುಪಾಲು ಹೊರಗೆ ಹೋದುದೇಕೆಂದು ಕೇಳುವವರಿದ್ದಾರೆ. ನಮಗೆ ಆ ಹಂಚಿಕೆ ಸರಿಯೆಂದೇ ತೋರುತ್ತದೆ. ಅಂದು ಆ ರೋಗವನ್ನು ಕುರಿತ ಪ್ರಯೋಗಶಾಲೆಗಳು ಹೆಚ್ಚಾಗಿ ಇದ್ದದ್ದು ಹೊರದೇಶಗಳಲ್ಲಿ. ಎಲ್ಲಿ ತೋಡಿದರೆ ನೀರು ಸಿಕ್ಕೀತೋ ಅಲ್ಲಿಯೇ ಬಾವಿ ತೋಡಬೇಕಾಗುತ್ತದೆ. ಬರದ ಸೀಮೆಯವರಾದ ನಾವು ಇದನ್ನು ಬಲ್ಲೆವು.

ಅದೇ ವರ್ಷ ತಮ್ಮ ಉಳಿದೆಲ್ಲ ಸಂಪತ್ತನ್ನೂ ಪತ್ನಿಯ ಒಡವೆಗಳ ಸಮೇತ ಮತ್ತೊಂದು ನಿಧಿಗೆ ಒಪ್ಪಿಸಿದರು. ಜಾತಿ, ಮತ, ದೇಶಗಳ ಭೇದವೆಣಿಸದೆ ಅದು ವಿನಿಯೋಗವಾಗಬೇಕೆಂಬುದು ಅವರ ಇಚ್ಛೆ. ಪತ್ನಿಯ ಸಮಾಧಿಯನ್ನು ಕಾಣಲೆಂದು ಪಯಣಿಸುತ್ತಿದ್ದಾಗ, 1932ರ ಜೂನ್ 3ರಂದು, ಜರ್ಮನಿಯಲ್ಲಿ ನಿಧನರಾದರು. ಬ್ರೂಕ್‌ವುಡ್‌ನಲ್ಲಿ ಆಕೆಯ ಪಕ್ಕದಲ್ಲಿಯೇ ಅವರಿಗೂ ಎಡೆ ದೊರೆಯಿತು. ಜುಬಿಲಿ ವಜ್ರ 1937ರಲ್ಲಿ ಮಾರಾಟವಾಗಿ ಅದರ ಹಣ ನಿಧಿಯನ್ನು ಸೇರಿತು. 1941ರ ಫೆಬ್ರವರಿ 28ರಂದು ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಇಷ್ಟು ದೊಡ್ಡ ನಿಧಿಯಿದ್ದರೂ ಕ್ಯಾನ್ಸರ್ ಆಸ್ಪತ್ರೆಯ ವೆಚ್ಚ ಖಾಸಗಿ ದಾನದ ಅಳವಿಗೆ ಮೀರಿದ್ದು. 1957ರಲ್ಲಿ ಅದು ಕೇಂದ್ರ ಸರಕಾರದ ಆರೋಗ್ಯ ಸಚಿವಾಲಯಕ್ಕೂ 1962ರಲ್ಲಿ ಪರಮಾಣು ಶಕ್ತಿ ಇಲಾಖೆಗೂ ಸೇರಿತು. ಆ ಇಲಾಖೆಯ ಮುಖ್ಯಸ್ಥರಾಗಿದ್ದವರು ಹೋಮಿ ಭಾಭಾ, ಮೆಹರ್‌ಬಾಯಿಯ ಸೋದರನ ಮಗ. ದಾನ ಬಾಗಿಲನ್ನು ತೆರೆಯಬಲ್ಲುದು. ಬಾಗಿಲು ಮುಚ್ಚದಂತೆ ನೋಡಿಕೊಳ್ಳಲು ಸರಕಾರದ ಬೊಕ್ಕಸವೇ ಬೇಕೆಂಬುದು ನಮ್ಮ ಅಭಿಪ್ರಾಯ.

ಮದ್ದು ಕೊನೆಗೆ ಬಂದುದೆಲ್ಲಿಂದ? ಇಲ್ಲಿ ಆಂಧ್ರದ ನೆಲದ ಮತ್ತೊಬ್ಬರನ್ನು ನೆನೆಯದೆ ಮುಂದುವರಿಯಲಾರೆವು. ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದರಾಸಿನಲ್ಲಿ ವೈದ್ಯ ವಿದ್ಯೆಯನ್ನು ಓದಿ 1923ರಲ್ಲಿ ಅಮೆರಿಕೆಗೆ ಹೋದರು. ಹಡಗಿನ ಖರ್ಚಿಗೆ ನೆರವಾದವರು ಅವರ ಮಾವನವರು ಮತ್ತು ಕಾಕಿನಾಡದ ಸತ್ಯಲಿಂಗ ನಾಯಕರ ಧರ್ಮಸಂಸ್ಥೆ. ಲೇಡಿ ಟಾಟಾ ನಿಧಿಗೂ ಇವರಿಗೂ ಸಂಬಂಧವಿಲ್ಲ. ಹಣದ ಮೂಲ ಬೇರೆ, ಗುರಿ ಸೇರಿದ ಎಡೆ ಒಂದೇ. ಸುಬ್ಬರಾವ್ ಅವರ ತಂಡ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಫೋಲಿಕ್ ಆಮ್ಲವನ್ನೂ ಅದಕ್ಕೆ ಎದುರಾಗಿ ನಿಲ್ಲುವ ಅಮಿನಾಪ್ಟರಿನ್ ಎಂಬ ಔಷಧವನ್ನೂ ತಯಾರಿಸಿತು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ಲ್ಯುಕೇಮಿಯಾ ಪೀಡಿತ ಮಕ್ಕಳಿಗೆ ಕೊಟ್ಟರು. ರೋಗ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿದುದು 1948ರಲ್ಲಿ ಪ್ರಕಟವಾಯಿತು. ಮೆಹರ್‌ಬಾಯಿ ತೀರಿಕೊಂಡು ಹದಿನೇಳು ವರ್ಷಗಳಷ್ಟೇ ಆಗಿದ್ದವು. ಅದೇ ಬಳಗದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೇಮಿಯಾ ಇಂದು ಸಿರಿವಂತ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ವಾಸಿಯಾಗುತ್ತದೆ.

ನಮ್ಮಲ್ಲಿ ಅಷ್ಟು ಮಕ್ಕಳು ಉಳಿಯುತ್ತಿಲ್ಲ. ಅರಿವಿಲ್ಲವೆಂದು ಈಗ ಹೇಳುವಂತಿಲ್ಲ. ಚಿಕಿತ್ಸೆ ಎರಡು ವರ್ಷಕ್ಕೂ ಮೀರಿ ನಡೆಯುತ್ತದೆ. 2007ರಲ್ಲಿ ಬಂದ ಆರೋಗ್ಯಶ್ರೀ ಯೋಜನೆಯಿಂದ ಬಡವರಿಗೆ ದೊಡ್ಡ ಆಸರೆಯಾಯಿತು, ನಿಜ. ಆದರೆ ಹಿಂದೂಪುರದ ನಿಲ್ದಾಣದಿಂದ ತೆಂಕಣಕ್ಕೆ ಬೆಂಗಳೂರಿಗೋ ಬಡಗಣಕ್ಕೆ ಗುಂತಕಲ್ಲಿನ ಮೇಲೆ ಮುಂಬಯಿಗೋ ಮತ್ತೆ ಮತ್ತೆ ಹೋಗುವ ಖರ್ಚು, ಅಲ್ಲಿ ತಂಗುವ ಖರ್ಚು, ತಾಯಿತಂದೆಗಳಿಗೆ ತಪ್ಪಿದ ಕೂಲಿ ಇವೆಲ್ಲ ಸೇರಿ ಚಿಕಿತ್ಸೆ ನಡುದಾರಿಯಲ್ಲಿ ನಿಂತುಬಿಡುತ್ತದೆ. ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷವಂತೂ ಕೇಳುವುದೇ ಬೇಡ. ಕೆಲವು ವರ್ಷಗಳ ಹಿಂದೆ ನಮ್ಮ ಆರನೆಯ ತರಗತಿಯ ಮಗುವೊಂದಕ್ಕೆ ಈ ರೋಗ ಬಂದಾಗ ಪ್ರಾರ್ಥನೆಯ ಕಟ್ಟೆಯ ಮೇಲೆ ಒಂದು ಹುಂಡಿಯನ್ನಿಟ್ಟೆವು. ಅದರಲ್ಲಿ ಕೂಡಿದ ಹಣವೆಲ್ಲ ಔಷಧಕ್ಕಲ್ಲ, ರೈಲಿನ ಟಿಕೀಟಿಗೂ ಊಟಕ್ಕೂ ಸಂದಿತು. ಹಳೆಯ ವಿದ್ಯಾರ್ಥಿಗಳು ಶತಮಾನೋತ್ಸವದ ನೆನಪಿಗೆ ಸ್ವಾಗತ ಕಮಾನನ್ನು ಕಟ್ಟಿಸಿಕೊಡುವುದಾಗಿ ಮುಂದೆ ಬಂದಿದ್ದಾರೆ. ಆ ಹಣದ ಒಂದು ಪಾಲನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯನ್ನು ಕಾಯಿಲೆ ಬಿದ್ದ ಮಕ್ಕಳ ಪ್ರಯಾಣಕ್ಕೆ ಮೀಸಲಿಡಬಹುದೇ ಎಂದು ಅವರನ್ನು ಕೇಳಿದ್ದೇವೆ. ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ.